ಅಮೆರಿಕದ ಮನೇಲಿ ತಲೆಕೆಳಗಾದ ಪ್ಲಗ್ ಪಾಯಿಂಟ್: ಯಾವ ಸ್ವಿಚ್ಚು ಯಾವುದಕ್ಕೆ?

ಈ ಗೋಡೆ ಮೇಲಿರೋ ಸ್ವಿಚ್ ನೋಡಿ. ಹಾಕ್ತೀನಿ, ಆರಿಸ್ತೀನಿ, ಏನೂ ಆಗಲ್ಲ. ತಲೆ ಎತ್ತಿ ನೋಡಿದ್ರೆ ಸೀಲಿಂಗಲ್ಲಿ ಲೈಟೇ ಇಲ್ಲ. ಫ್ಯಾನಿಗೆ ಕೊಕ್ಕೆನೂ ಇಲ್ಲ. ಅಮೆರಿಕಕ್ಕೆ ಹೊಸದಾಗಿ ಬಂದು ಬಾಡಿಗೆ ಮನೆ ಹಿಡಿದ ನಮ್ಮ ಕನ್ನಡದವರೆಲ್ಲ ಮೊದಲ ವಾರದಲ್ಲೇ ಕೇಳೋ ಪ್ರಶ್ನೆ ಇದು: ಈ ಸ್ವಿಚ್ಚು ಯಾಕಿದೆ ಇಲ್ಲಿ?

ಉತ್ತರ ಕೆಳಗಿದೆ, ಸೋಫಾ ಹಿಂದೆ. ಆ ಸ್ವಿಚ್ಚು ನಡೆಸೋದು ಲೈಟನ್ನಲ್ಲ, ಪ್ಲಗ್ ಪಾಯಿಂಟನ್ನ. ಸ್ಟ್ಯಾಂಡ್ ಲ್ಯಾಂಪ್ ತಂದು ಅಲ್ಲಿ ಚುಚ್ಚಿಟ್ರೆ, ಬಾಗಿಲ ಹತ್ತಿರದ ಸ್ವಿಚ್ಚಿಂದ ಅದು ಹತ್ತತ್ತೆ. ಮನೆ ಕಟ್ಟಿದವರು ಕಂಜೂಸಿ ಮಾಡಿದಾರೆ ಅಂತ ಬೈಬೇಡಿ. ಸರಿ, ಸ್ವಲ್ಪ ಬೈಯಬಹುದು. ಆದ್ರೆ ಅವರು ನಿಯಮದ ಒಳಗೇ ಇದಾರೆ. ಇಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಪ್ರಕಾರ ವಾಸದ ಕೋಣೆಗಳಿಗೆಲ್ಲ ಗೋಡೆ ಸ್ವಿಚ್ಚಿಂದ ಹತ್ತೋ ಲೈಟ್ ಇರಲೇಬೇಕು. ಆದ್ರೆ ಅಡುಗೆಮನೆ, ಬಚ್ಚಲುಮನೆ ಬಿಟ್ಟು ಬೇರೆ ಕೋಣೆಗಳಲ್ಲಿ ಆ ಲೈಟಿನ ಬದಲು ಸ್ವಿಚ್ಚಿಗೆ ಜೋಡಿಸಿದ ಪ್ಲಗ್ ಪಾಯಿಂಟ್ ಕೊಟ್ರೂ ಆಯ್ತು ಅನ್ನತ್ತೆ ಅದೇ ಕೋಡ್. ಹಾಲು, ಬೆಡ್‌ರೂಮುಗಳ ಸೀಲಿಂಗು ಬೋಳಾಗಿರೋದು ಈ ವಿನಾಯಿತಿಯಿಂದಲೇ.

ನಮ್ಮ ಅತ್ತೆ ಮೈಸೂರಿಂದ ಬಂದಾಗ ಮೊದಲು ಕೇಳಿದ್ದೇ, "ಏನಮ್ಮಾ, ಪ್ಲಗ್ಗಿನ ಪಕ್ಕದಲ್ಲಿ ಸ್ವಿಚ್ಚೇ ಇಲ್ವಲ್ಲ, ಆರಿಸೋದು ಹೆಂಗೆ?" ನಮ್ಮ ಕಡೆ ಪ್ರತಿ ಸಾಕೆಟ್ಟಿಗೂ ಪಕ್ಕದಲ್ಲೇ ಒಂದು ಸ್ವಿಚ್ ಇರತ್ತಲ್ಲ, ಆ ಅಭ್ಯಾಸ. ಇಲ್ಲಿ ಸ್ವಿಚ್ಚಿಗೆ ಸೇರಿದ್ದು ಬಿಟ್ರೆ ಮಿಕ್ಕ ಸಾಕೆಟ್ ಯಾವಾಗಲೂ ಚಾಲೂ. ಸಾಲದ್ದಕ್ಕೆ ಸ್ವಿಚ್ಚಿನ ದಿಕ್ಕೂ ಉಲ್ಟಾ: ನಮ್ಮಲ್ಲಿ ಕೆಳಗೆ ಒತ್ತಿದ್ರೆ ಆನ್, ಇಲ್ಲಿ ಮೇಲಕ್ಕೆ ಎತ್ತಿದ್ರೆ ಆನ್. ಅತ್ತೆ ಮಲಗೋ ಮುಂಚೆ ಮನೆ ಸುತ್ತಿ ಕಂಡ ಸ್ವಿಚ್ಚನ್ನೆಲ್ಲ ಆರಿಸಿ ಬರ್ತಾರೆ. ದಿನಾ ರಾತ್ರಿ ವೈಫೈ ಹೋಗೋದು, ಬೆಳಿಗ್ಗೆ ಬರೋದು. ನಮ್ಮನೆಯವರು ಇಂಟರ್ನೆಟ್ ಕಂಪನಿಗೆ ಫೋನ್ ಮೇಲೆ ಫೋನ್. ರೂಟರ್ ಕೂತಿದ್ದು ಸ್ವಿಚ್ಚಿನ ಪಾಯಿಂಟಲ್ಲಿ, ಅಷ್ಟೇ ಕಥೆ.

ಈಗ ಕ್ಯಾಮೆರಾ ಹತ್ತಿರ ತರ್ತೀನಿ. ಇದು ಮಾಮೂಲಿ ಸಾಕೆಟ್, 120 ವೋಲ್ಟ್, 15 ಆಂಪ್. ಎರಡು ಸೀಳು, ಕೆಳಗೊಂದು ದುಂಡಗಿನ ತೂತು. ಗಾಬರಿಯಾದ ಮಗುವಿನ ಮುಖದ ಥರ ಇದೆ, ಅಲ್ವಾ? ಎಡಗಡೆ ಸೀಳು ಸ್ವಲ್ಪ ಉದ್ದ, ಅದು ನ್ಯೂಟ್ರಲ್. ಬಲಗಡೆ ಗಿಡ್ಡದ್ದು ಫೇಸ್, ಅಂದ್ರೆ ಕರೆಂಟ್ ಬರೋದು. ಬಾಯಿ ಇರೋ ಜಾಗ ಅರ್ಥ್. ಈಗ ಆ ಕಡೆ ಗೋಡೆಗೆ ಬನ್ನಿ. ಇಲ್ಲಿ ಬಾಯಿ ಮೇಲಿದೆ, ಕಣ್ಣು ಕೆಳಗಿದೆ. ಇದು ತಪ್ಪಾಗಿ ಕೂರಿಸಿದ್ದಲ್ಲ. ಸ್ವಿಚ್ಚಿಗೆ ಸೇರಿದ ಪಾಯಿಂಟ್ ಯಾವುದು ಅಂತ ಕಂಡ ಕೂಡಲೇ ಗೊತ್ತಾಗಲಿ ಅಂತ ಕೆಲವು ಎಲೆಕ್ಟ್ರಿಷಿಯನ್ನರು ಅದೊಂದನ್ನ ತಿರುಗಿಸಿ ಹಾಕ್ತಾರೆ. ತಮಾಷೆ ಅಂದ್ರೆ, ಅಮೆರಿಕದವರು ತಲೆಕೆಳಗು ಅನ್ನೋ ಇದೇ ನಮ್ಮ ಕಣ್ಣಿಗೆ ನೆಟ್ಟಗೆ ಕಾಣತ್ತೆ. ನಮ್ಮೂರ ತ್ರೀ ಪಿನ್ನಲ್ಲಿ ದಪ್ಪನೆಯ ಅರ್ಥ್ ಪಿನ್ ಮೇಲೇ ತಾನೇ ಇರೋದು.

ಆದ್ರೆ ಇದನ್ನ ಕಣ್ಣು ಮುಚ್ಚಿ ನಂಬಬೇಡಿ. ಸಾಕೆಟ್ ಯಾವ ದಿಕ್ಕಿಗಿರಬೇಕು ಅಂತ ಕೋಡಲ್ಲಿ ನಿಯಮವೇ ಇಲ್ಲ. ಕೆಲವರು ಇಡೀ ಮನೆಯದನ್ನ ಅರ್ಥ್ ಮೇಲೆ ಮಾಡಿ ಕೂರಿಸ್ತಾರೆ. ಪ್ಲಗ್ ಸಡಿಲವಾಗಿ ಹೊರಗೆ ಬಂದಿದ್ದಾಗ ಮೇಲಿಂದ ಚಾಕು, ಕ್ಲಿಪ್ಪು ಏನಾದ್ರೂ ಬಿದ್ರೆ ಮೊದಲು ಅರ್ಥ್ ಪಿನ್ನಿಗೆ ತಗಲಲಿ ಅನ್ನೋ ಲೆಕ್ಕ ಅವರದ್ದು. ಇನ್ನು ಕೆಲವರಿಗೆ ಯಾವ ಲೆಕ್ಕವೂ ಇಲ್ಲ, ಕೈಗೆ ಬಂದ ಹಾಗೆ ತಿರುಪು ಬಿಗಿದು ಹೋಗಿರ್ತಾರೆ. ನಮ್ಮನೇಲೇ ನೋಡಿ: ಹಾಲಲ್ಲಿ ತಿರುಗಿಸಿದ್ದು ಸ್ವಿಚ್ಚಿನದ್ದು, ಬೆಡ್‌ರೂಮಲ್ಲಿ ಸ್ವಿಚ್ಚಿನದ್ದು ನೆಟ್ಟಗೇ ಇದೆ. ತಿರುಗಿದ್ರೆ ಅಪಾಯ ಏನಿಲ್ಲ. ವೈರು ಕೆಳಮುಖವಾಗಿ ಬರೋ ಚಪ್ಪಟೆ ಪ್ಲಗ್ ಹಾಕಿದ್ರೆ ಮಾತ್ರ ಅದು ಮೇಲ್ಮುಖವಾಗಿ ನಿಂತು ಕಿರಿಕಿರಿ ಮಾಡತ್ತೆ.

ಹಾಗಾಗಿ ಖಚಿತ ಮಾಡ್ಕೊಳ್ಳೋಕೆ ಒಂದು ಚಿಕ್ಕ ನೈಟ್ ಲ್ಯಾಂಪ್ ಸಾಕು. ಕತ್ತಲಾದ್ರೆ ತಾನೇ ಹತ್ತೋ ಥರದ್ದು ಬೇಡ, ಸಾದಾ ಇರಲಿ. ಒಂದು ಪಾಯಿಂಟಿಗೆ ಹಾಕಿ, ಕೋಣೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆಡಿಸಿ. ಇಲ್ಲಿನ ಸಾಕೆಟ್ಟಲ್ಲಿ ಮೇಲೊಂದು, ಕೆಳಗೊಂದು ಅಂತ ಎರಡು ಪ್ಲಗ್ ಹಾಕೋ ಜಾಗ ಇರತ್ತಲ್ಲ, ಆಮೇಲೆ ಆ ಇನ್ನೊಂದು ಅರ್ಧಕ್ಕೂ ಹಾಕಿ ನೋಡಿ. ಎಲ್ಲರೂ ಬಿಡೋದು ಇದನ್ನೇ. ಒಂದೇ ಸಾಕೆಟ್ಟಲ್ಲಿ ಮೇಲಿನ ಅರ್ಧ ಯಾವಾಗಲೂ ಚಾಲೂ ಇದ್ದು, ಕೆಳಗಿನ ಅರ್ಧ ಮಾತ್ರ ಸ್ವಿಚ್ಚಿಗೆ ಸೇರಿರಬಹುದು. ಇಲ್ಲಿಯವರು ಇದಕ್ಕೆ ಹಾಫ್ ಹಾಟ್ ಅಂತಾರೆ. ಕೋಣೆಗೆ ಎರಡು ಬಾಗಿಲಿದ್ರೆ ಎರಡೂ ಕಡೆಯ ಸ್ವಿಚ್ಚು ಒಂದೇ ಪಾಯಿಂಟನ್ನ ನಡೆಸ್ತಿರಬಹುದು, ನಮ್ಮಲ್ಲಿ ಮೆಟ್ಟಿಲ ಲೈಟಿಗೆ ಇರತ್ತಲ್ಲ, ಹಾಗೆ. ಗೊತ್ತಾದ ಮೇಲೆ ಪ್ಲೇಟಿನ ಮೂಲೆಗೆ ಒಂದು ಬಣ್ಣದ ಚುಕ್ಕೆ ಅಂಟಿಸಿಬಿಡಿ. ಆ ಅರ್ಧಕ್ಕೆ ಲ್ಯಾಂಪ್ ಮಾತ್ರ. ಫ್ರಿಜ್ಜು, ರೂಟರ್, ಮೀನಿನ ತೊಟ್ಟಿ, ಉಸಿರಾಟದ ಮಷೀನು ಯಾವುದೂ ಅಲ್ಲಿ ಬೇಡ. ಆ ಸ್ವಿಚ್ಚನ್ನ ಕಿತ್ತು, ಬೆಳಕು ಕಮ್ಮಿ ಜಾಸ್ತಿ ಮಾಡೋ ಡಿಮ್ಮರ್ ಹಾಕೋ ಆಸೆಯೂ ಬೇಡ, ಪ್ಲಗ್ ಪಾಯಿಂಟಿಗೆ ಮಾಮೂಲಿ ಡಿಮ್ಮರ್ ಹಾಕೋದು ಕೋಡಿಗೆ ವಿರುದ್ಧ. ನಾಳೆ ಯಾರೋ ಅದಕ್ಕೆ ವ್ಯಾಕ್ಯೂಮ್ ಹಾಕ್ತಾರೆ, ಮೋಟಾರ್ ಸುಟ್ಟುಹೋಗಬಹುದು.

ಆಫೀಸುಗಳಲ್ಲಿ ಕೆಲವು ಸಾಕೆಟ್ ಮೇಲೆ ಪವರ್ ಬಟನ್ನಿನ ಗುರುತು ಅಚ್ಚಾಗಿರೋದು ನೋಡಿರ್ತೀರಿ. ಯಾರೂ ಇಲ್ಲದಾಗ ತಾನಾಗೇ ಆಫ್ ಆಗೋ ಪಾಯಿಂಟ್ ಅವು. ಆ ಗುರುತು ಇರಬೇಕು ಅಂತ 2014ರ ಕೋಡಲ್ಲಿ ಬಂತು. ಮನೆಯ ಲ್ಯಾಂಪ್ ಪಾಯಿಂಟಿಗೆ ಮಾತ್ರ ಅದರಿಂದ ವಿನಾಯಿತಿ. ನನ್ನ ಕೇಳಿದ್ರೆ, ಆ ಗುರುತು ಹೆಚ್ಚು ಬೇಕಾಗಿದ್ದೇ ಮನೆಗೆ.

ಇನ್ನೊಂದು ಕೇಸು. ಎಲ್ಲಾ ಪಾಯಿಂಟ್ ನೋಡಿದ್ರಿ, ಸ್ವಿಚ್ಚು ಯಾವುದನ್ನೂ ನಡೆಸ್ತಿಲ್ಲ. ಹಾಗಿದ್ರೆ ಹಿಂದೆ ಯಾರೋ ಸಾಕೆಟ್ ಬದಲಾಯಿಸಿರೋ ಸಾಧ್ಯತೆ ಜಾಸ್ತಿ. ನನ್ನ ಕೈಲಿರೋ ಈ ಹೊಸ ಸಾಕೆಟ್ ನೋಡಿ. ಈ ಮಗ್ಗುಲಲ್ಲಿ ಹಿತ್ತಾಳೆ ಬಣ್ಣದ ಎರಡು ತಿರುಪು, ಫೇಸಿನದ್ದು. ಅವೆರಡರ ನಡುವೆ ಉಗುರಿನಷ್ಟು ಅಗಲದ ಒಂದು ತಗಡು ಇದೆ. ಹಾಫ್ ಹಾಟ್ ಮಾಡೋವಾಗ ಈ ತಗಡನ್ನ ಇಕ್ಕಳದಲ್ಲಿ ಹಿಡಿದು ಮುರೀತಾರೆ. ಆಗ ಎರಡು ಅರ್ಧ ಬೇರೆಬೇರೆ ಆಗತ್ತೆ: ಒಂದಕ್ಕೆ ನೇರ ಕರೆಂಟಿನ ವೈರು, ಇನ್ನೊಂದಕ್ಕೆ ಸ್ವಿಚ್ಚಿಂದ ಬಂದ ವೈರು, ಅದು ಸಾಮಾನ್ಯವಾಗಿ ಕೆಂಪು. ಬೆಳ್ಳಿ ಬಣ್ಣದ ನ್ಯೂಟ್ರಲ್ ಕಡೆಯ ತಗಡು ಹಾಗೇ ಇರತ್ತೆ. ಬದಲಾಯಿಸಿದವರು ಹೊಸದರ ತಗಡು ಮುರಿಯದೇ ಹಾಕಿದ್ರೆ ಎರಡೂ ಅರ್ಧ ಒಂದೇ ಆಗಿ, ಎರಡೂ ಯಾವಾಗಲೂ ಚಾಲೂ. ಸ್ವಿಚ್ಚು ಸುಮ್ಮನೆ ಟಿಕ್ ಟಿಕ್.

ಇದನ್ನ ನೀವೇ ಬಿಚ್ಚೋಕೆ ಹೋಗ್ಬೇಡಿ. ಎರಡು ಅರ್ಧಕ್ಕೆ ಎರಡು ಬೇರೆ ಸರ್ಕ್ಯೂಟಿಂದ ಕರೆಂಟ್ ಬಂದಿರೋದೂ ಉಂಟು. ಹಳೇ ಮನೇಲಿ ಒಂದು ಬ್ರೇಕರ್ ಇಳಿಸಿದ್ರೂ ಇನ್ನೊಂದು ಅರ್ಧ ಜೀವಂತ ಇರಬಹುದು. ಬಾಡಿಗೆ ಮನೆ ಆಗಿದ್ರೆ ಓನರಿಗೆ ಇಷ್ಟು ಬರೆದು ಹಾಕಿ: "ಹಾಲ್‌ನ ಗೋಡೆ ಸ್ವಿಚ್ಚು ಯಾವ ಪಾಯಿಂಟನ್ನೂ ನಡೆಸ್ತಿಲ್ಲ, ಸೀಲಿಂಗಲ್ಲಿ ಲೈಟೂ ಇಲ್ಲ. ಸಾಕೆಟ್ಟಿನ ಫೇಸ್ ಕಡೆಯ ತಗಡು ಮುರಿದಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ." ಬರೋ ಎಲೆಕ್ಟ್ರಿಷಿಯನ್ನಿಗೆ ಅರ್ಧ ಕೆಲಸ ಅಲ್ಲೇ ಮುಗೀತು.