ಒಂದು ಮಾತ್ರೆ ಯಾವ ಮೂಲೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದ ಒಂದು ಸಂಜೆ. ಅಜ್ಜಿಯೊಬ್ಬರು ಮೊಮ್ಮಗನನ್ನು ಎತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ನಾಲ್ಕು ವರ್ಷದ ಹುಡುಗ, ಮೈ ಕೆಂಡದ ಹಾಗೆ ಸುಡುತ್ತಿತ್ತು. ತೂಕ ನೋಡೋಣ ಅಂದೆ. ಅಜ್ಜಿಗೆ ಇಷ್ಟವಿಲ್ಲ. ‘ಜ್ವರಕ್ಕೆ ಅಂತ ಬಂದ್ರೆ ತೂಕ ಯಾಕೆ ಡಾಕ್ಟ್ರೇ? ಮಗೂಗೆ ದೃಷ್ಟಿ ಆಗುತ್ತೆ’ ಅಂದರು. ಕೊನೆಗೆ ಒಂದು ರಾಜಿ ಆಯಿತು. ಮೊದಲು ಮಗುವನ್ನು ಎತ್ತಿಕೊಂಡು ಮಷೀನಿನ ಮೇಲೆ ನಿಂತರು, ಆಮೇಲೆ ಒಬ್ಬರೇ ನಿಂತರು. ಕಳೆದು ನೋಡಿದರೆ ಹದಿನಾಲ್ಕೂವರೆ ಕೆಜಿ. ಬಾಯಿಬಿಟ್ಟು ಹೇಳಲಿಲ್ಲ, ಚೀಟಿಯ ಅಂಚಿನಲ್ಲಿ ಬರೆದುಕೊಂಡೆ.

ಅವರ ಹಿಂದೆಯೇ ಬಂದವರು ಮದುವೆ ಅಡುಗೆಯ ಕಂಟ್ರಾಕ್ಟರ್. 104 ಕೆಜಿ, ಎತ್ತರ 5 ಅಡಿ 3 ಅಂಗುಲ. ಹಿಂದಿನ ರಾತ್ರಿಯಿಂದ ಚಳಿಜ್ವರ, ಮೈಕೈ ನೋವು, ಒಣಕೆಮ್ಮು. ಫ್ಲೂ ಮಾತ್ರೆ ಬರೆದೆ. ಚೀಟಿ ನೋಡಿ ನಕ್ಕರು. ‘ನಮ್ಮ ಮೈಗೆ ಒಂದು ಮಾತ್ರೆ ಯಾವ ಮೂಲೆಗೆ ಸಾರ್? ಎರಡೆರಡು ಬರೀರಿ.’

ಅಜ್ಜಿಯ ಪ್ರಕಾರ ಔಷಧಿಗೆ ತೂಕವೇ ಬೇಡ. ಇವರ ಪ್ರಕಾರ ತೂಕವೇ ಎಲ್ಲ. ಇಬ್ಬರದೂ ತಪ್ಪು, ಆದರೆ ಇಬ್ಬರದೂ ಪೆದ್ದು ಪ್ರಶ್ನೆ ಅಲ್ಲ.

ಈ ಮಾತ್ರೆಯ ಹೆಸರು ಒಸೆಲ್ಟಾಮಿವಿರ್. ಟ್ಯಾಮಿಫ್ಲೂ ಅಂದರೆ ಹೆಚ್ಚು ಜನಕ್ಕೆ ಗೊತ್ತು. ಪಲಾವಿಗೆ ಹಾಕುವ ಚಕ್ರಮೊಗ್ಗು ಇದೆಯಲ್ಲ, ಅದರಿಂದ ತೆಗೆದ ಒಂದು ಆಮ್ಲದಿಂದಲೇ ಇದನ್ನು ತಯಾರಿಸುತ್ತಿದ್ದರು. ಹಾಗಂತ ಪಲಾವ್ ತಿಂದರೆ ಫ್ಲೂ ಹೋಗುವುದಿಲ್ಲ, ಅದು ಬೇರೆ ಮಾತು. ಒಂದು ವರ್ಷ ದಾಟಿದ ಮಕ್ಕಳಿಗೆ ಇದರ ಡೋಸ್ ತೂಕದ ಮೇಲೆ. 15 ಕೆಜಿವರೆಗೆ ಒಂದು ಸಲಕ್ಕೆ 30 ಮಿಲಿಗ್ರಾಂ, 23 ಕೆಜಿವರೆಗೆ 45, 40 ಕೆಜಿವರೆಗೆ 60. ಅಂದರೆ ಹದಿನಾಲ್ಕೂವರೆ ಕೆಜಿಯ ನಮ್ಮ ಹುಡುಗನಿಗೆ 30. ಇನ್ನೊಂದೇ ಒಂದು ಕೆಜಿ ಜಾಸ್ತಿ ಇದ್ದಿದ್ದರೆ 45. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ, ಅದಕ್ಕೇ ಅಜ್ಜಿಯ ಜೊತೆ ಅಷ್ಟು ಹಟ ಮಾಡಿದ್ದು. ಸಿರಪ್ಪಾದರೆ ಇನ್ನೂ ಒಂದು ಎಚ್ಚರ. ಎಲ್ಲ ಬಾಟಲಿಯೂ ಒಂದೇ ಗಟ್ಟಿ ಇರುವುದಿಲ್ಲ. ಅಕ್ಕನ ಮಗನಿಗೆ ಬರೆದುಕೊಟ್ಟ ಅಳತೆಯನ್ನು ನಿಮ್ಮ ಮಗುವಿಗೆ ಹಾಕಬೇಡಿ.

40 ಕೆಜಿ ದಾಟಿದ ಮೇಲೆ ಈ ಲೆಕ್ಕ ನಿಂತುಹೋಗುತ್ತದೆ. 50 ಕೆಜಿಯವರಿಗೂ 75 ಮಿಲಿಗ್ರಾಂ, 104 ಕೆಜಿಯವರಿಗೂ 75. ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ದಿನ. ಯಾಕೆ ಹೀಗೆ? ಈ ಔಷಧಿ ಕೊಬ್ಬಿನೊಳಗೆ ಹೋಗಿ ಅಡಗಿ ಕೂರುವಂಥದ್ದಲ್ಲ. ಲಿವರಿನಲ್ಲಿ ಬದಲಾಗಿ, ರಕ್ತದಲ್ಲಿ, ಮೈಯ ನೀರಿನಲ್ಲಿ ಓಡಾಡಿ, ಕಿಡ್ನಿಯಿಂದ ಹೊರಗೆ ಹೋಗುತ್ತದೆ. ಹಾಗಾಗಿ ದೊಡ್ಡವರ ವಿಷಯದಲ್ಲಿ ನಾನು ಹೊಟ್ಟೆಗಿಂತ ಕಿಡ್ನಿ ಬಗ್ಗೆ ಜಾಸ್ತಿ ಕೇಳುತ್ತೇನೆ. ಕಿಡ್ನಿ ಸೋತಿದ್ದರೆ ಡೋಸ್ ಇಳಿಸಬೇಕು. ಎಲ್ಲ ಫ್ಲೂ ಔಷಧಿಯೂ ಹೀಗೇ ಅಂತಲ್ಲ. 2018ರಲ್ಲಿ ಜಪಾನ್, ಅಮೆರಿಕಗಳಲ್ಲಿ ಬಂದ ಬಲೊಕ್ಸಾವಿರ್ ಅನ್ನುವ ಔಷಧಿಯನ್ನು ಒಂದೇ ಸಲ ತೆಗೆದುಕೊಂಡರೆ ಸಾಕು. ಅದರಲ್ಲಿ 80 ಕೆಜಿಗೆ ಗೆರೆ ಎಳೆದಿದ್ದಾರೆ. ಕಡಿಮೆ ಇದ್ದರೆ 40 ಮಿಲಿಗ್ರಾಂ, 80 ಮುಟ್ಟಿದರೆ 80.

ಹಾಗಾದರೆ ಕಂಟ್ರಾಕ್ಟರ ತೂಕ ಲೆಕ್ಕಕ್ಕೇ ಇಲ್ವಾ? ಇದೆ, ಮಾತ್ರೆಯ ಅಳತೆಯಲ್ಲಿ ಅಲ್ಲ, ರೋಗದ ಹಾದಿಯಲ್ಲಿ. 2009ರಲ್ಲಿ ಎಚ್1ಎನ್1 ಅನ್ನುವ ಹೊಸ ಫ್ಲೂ ಬಂದಾಗ ಐಸಿಯುಗಳಲ್ಲಿ ದಪ್ಪಗಿದ್ದವರೇ ಹೆಚ್ಚು ಕಂಡರು. ಅಲ್ಲಿಯವರೆಗೆ ಬೊಜ್ಜನ್ನು ಫ್ಲೂ ಜೊತೆ ಯಾರೂ ಅಷ್ಟಾಗಿ ಜೋಡಿಸಿರಲಿಲ್ಲ. ಈಗ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 40 ಮುಟ್ಟಿದವರನ್ನು ಹೆಚ್ಚು ಅಪಾಯದವರ ಪಟ್ಟಿಯಲ್ಲೇ ಇಟ್ಟಿದೆ. ನಮ್ಮ ಕಂಟ್ರಾಕ್ಟರ ಲೆಕ್ಕ 40 ದಾಟುತ್ತದೆ.

ಹೊಟ್ಟೆ ತುಂಬ ಉಂಡು ಅಂಗಾತ ಮಲಗಿ ನೋಡಿ, ಉಸಿರು ಗಿಡ್ಡ ಆಗುತ್ತದೆ. ಹೊಟ್ಟೆಯ ಕೊಬ್ಬು ದಿನವಿಡೀ ಹಾಗೆ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವನ್ನು, ಮೇಲೆ ಒತ್ತುತ್ತಿರುತ್ತದೆ. ಶ್ವಾಸಕೋಶದ ತಳಭಾಗ ಪೂರ್ತಿ ಅರಳುವುದಿಲ್ಲ. ಅದರ ಮೇಲೆ ನ್ಯುಮೋನಿಯಾ ಬಂದರೆ ಕಷ್ಟ. ಕೊಬ್ಬು ಸುಮ್ನೆ ಕೂತಿರುವ ಗೋದಾಮು ಕೂಡ ಅಲ್ಲ. ಉರಿಯೂತದ ಸಂದೇಶಗಳನ್ನು ಸದಾ ಕಳಿಸುತ್ತಿರುತ್ತದೆ. ಇಡೀ ದಿನ ಬೊಗಳುವ ನಾಯಿ ಇದ್ದ ಹಾಗೆ. ನಿಜವಾಗಿ ಕಳ್ಳ ಬಂದಾಗ ಮನೆಯವರು ಏಳುವುದಿಲ್ಲ. ಲಸಿಕೆಯಲ್ಲೂ ಇದು ಕಾಣುತ್ತದೆ. ಅಮೆರಿಕದ ನಾರ್ತ್ ಕರೋಲಿನಾದ ಒಂದು ಅಧ್ಯಯನದಲ್ಲಿ, ಫ್ಲೂ ಲಸಿಕೆ ಹಾಕಿಸಿಕೊಂಡವರಲ್ಲೇ, ಬೊಜ್ಜು ಇದ್ದವರಿಗೆ ಫ್ಲೂ ಅಥವಾ ಅಂಥದ್ದೇ ಜ್ವರ ಬಂದದ್ದು ಸರಿ ತೂಕದವರ ಎರಡರಷ್ಟು. ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳೇನೋ ಸರಿಯಾಗಿಯೇ ಇದ್ದವು. ಹಾಗಂತ ಲಸಿಕೆ ದಂಡ ಅಂತಲ್ಲ. ಇಲ್ಲದಿದ್ದರೆ ಇನ್ನೂ ಕಷ್ಟ.

ತೆಳ್ಳಗಿರುವವರು ಖುಷಿಪಡಬೇಕಾಗಿಲ್ಲ. 1918ರಲ್ಲಿ ಮುಂಗಾರು ಕೈಕೊಟ್ಟು ಕಾಳಿಗೆ ಬರ ಬಂದ ಹೊತ್ತಿಗೇ ಫ್ಲೂ ನಮ್ಮ ದೇಶ ಹೊಕ್ಕಿತ್ತು. ಹಸಿದ ಮೈಯೂ ಅದಕ್ಕೆ ಸುಲಭದ ತುತ್ತೇ.

ಕಂಟ್ರಾಕ್ಟರಿಗೆ ನಾನು ಹೇಳಿದ್ದು ಇಷ್ಟು. ಒಂದು ಸಲಕ್ಕೆ ಮಾತ್ರೆ ಎರಡಲ್ಲ, ಒಂದೇ. ಆದರೆ ಟೆಸ್ಟ್ ರಿಪೋರ್ಟ್ ಬರಲಿ ಅಂತ ಕಾಯಬೇಡಿ, ಇವತ್ತೇ ನುಂಗಿ. ಮೊದಲ ಎರಡು ದಿನದೊಳಗೆ ಶುರು ಮಾಡಿದರೆ ಫಲ ಜಾಸ್ತಿ. ಉಸಿರು ಏರಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕೂರಬೇಡಿ.

ತಲೆಯಾಡಿಸಿದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. ‘ಭಾನುವಾರ ಏಳ್ನೂರು ಎಲೆ ಊಟ ಇದೆ ಸಾರ್. ಅಷ್ಟೊತ್ತಿಗೆ ಜ್ವರ ಬಿಟ್ಟಿರುತ್ತಲ್ವಾ?’

ಬಿಟ್ಟಿರಬಹುದು. ಆದರೆ ನಿಕರಾಗುವಾದ ಮನಾಗುವಾ ನಗರದಲ್ಲಿ 2015ರಿಂದ 2017ರವರೆಗೆ ಮನೆಮನೆ ಸುತ್ತಿ ಮೂಗು ಗಂಟಲು ಪರೀಕ್ಷೆ ಮಾಡಿದವರಿದ್ದಾರೆ. ಫ್ಲೂ ‘ಎ’ ವೈರಸ್ ಹತ್ತಿ ಕಾಯಿಲೆ ಬಿದ್ದ ದೊಡ್ಡವರಲ್ಲಿ, ಬೊಜ್ಜು ಇದ್ದವರು ಉಳಿದವರಿಗಿಂತ ಶೇ 42ರಷ್ಟು ಹೆಚ್ಚು ಕಾಲ ವೈರಸ್ ಹೊರಹಾಕುತ್ತಿದ್ದರಂತೆ. ಜ್ವರ ಬಿಟ್ಟಿತು ಅಂತ ಸಾರಿನ ಕೊಳಗದ ಮುಂದೆ ನಿಂತು ಕೆಮ್ಮಿದರೆ?

ಇದನ್ನೆಲ್ಲ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಫೋನ್ ತೆಗೆದು, ‘ಭಾವ, ಭಾನುವಾರದ್ದು ನೀನೇ ನೋಡ್ಕೋಬೇಕಾಗುತ್ತೆ. ಹೋಳಿಗೆಗೆ ಬೇಳೆ ಎಷ್ಟು ಅಂತ ಬರ್ಕೋ’ ಅನ್ನುತ್ತಿದ್ದದ್ದು ಒಳಗೆ ಕೇಳುತ್ತಿತ್ತು.

ನಮಸ್ಕಾರ.