ದೆಹಲಿಯಲ್ಲಿ ದಿನಕ್ಕೊಂದು ದಿಕ್ಕು

ಕೇಳುಗರೆಲ್ಲರಿಗೂ ನಮಸ್ಕಾರ. ರಜೆಯಲ್ಲಿ ಮಕ್ಕಳೊಡನೆ ದೆಹಲಿಗೆ ಹೋಗಬೇಕೆಂಬ ಆಸೆಯಿದ್ದರೂ ಖರ್ಚನ್ನು ನೆನೆದು ಹಿಂದೆಮುಂದೆ ನೋಡುತ್ತಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಮಾತುಗಳನ್ನಾಡುತ್ತಿದ್ದೇನೆ. ದೆಹಲಿಯಲ್ಲಿ ಹಣ ಕರಗುವುದು ಪ್ರವೇಶ ಶುಲ್ಕದಿಂದಲ್ಲ, ಓಡಾಟದಿಂದ. ಬೆಳಿಗ್ಗೆ ಕುತುಬ್ ಮಿನಾರ್, ಹನ್ನೊಂದಕ್ಕೆ ಕೆಂಪು ಕೋಟೆ, ಊಟವಾದ ಮೇಲೆ ಮತ್ತೆ ದಕ್ಷಿಣಕ್ಕೆ ಲೋಟಸ್ ಟೆಂಪಲ್ ಎಂದು ಬಾಡಿಗೆ ಕಾರಿನಲ್ಲಿ ಊರನ್ನು ಅಡ್ಡಡ್ಡ ಸೀಳುತ್ತ ಹೋದವರಿಗೆ ಕಾಣುವುದು ಮುಂದಿನ ವಾಹನದ ಹಿಂಭಾಗವೇ ಹೊರತು ದೆಹಲಿಯಲ್ಲ. ಆದ್ದರಿಂದ ದಿನಕ್ಕೊಂದು ದಿಕ್ಕನ್ನು ಆರಿಸಿಕೊಳ್ಳಿ, ಅಲ್ಲಿಯವರೆಗೆ ಮೆಟ್ರೊದಲ್ಲಿ ಹೋಗಿ, ಮುಂದೆ ನಡೆಯಿರಿ.

ಮೊದಲು ದಕ್ಷಿಣ. 73 ಮೀಟರ್ ಎತ್ತರದ ಕುತುಬ್ ಮಿನಾರ್ ನೋಡಲು ಟಿಕೆಟ್ ಬೇಕು, ನಿಜ. ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಮಿನಾರಿನ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುವ ನಮ್ಮವರು, ಪಕ್ಕದಲ್ಲೇ ಇರುವ ಮೆಹ್ರೌಲಿ ಪುರಾತತ್ವ ಉದ್ಯಾನದತ್ತ ತಲೆಯೆತ್ತಿಯೂ ನೋಡುವುದಿಲ್ಲ. ಅಲ್ಲಿಗೆ ಶುಲ್ಕವೇ ಇಲ್ಲ. ನಾಲ್ಕು ಅಂತಸ್ತಿನ ಮೆಟ್ಟಿಲುಬಾವಿಯಾದ ರಾಜೋಂ ಕಿ ಬಾವ್ಲಿ ಅಲ್ಲಿದೆ. ಇಕ್ಕೆಲಗಳ ಕಮಾನುಗಳ ಸಾಲಿನ ನಡುವೆ ಅಗಲವಾದ ಮೆಟ್ಟಿಲುಗಳು ನೀರಿನತ್ತ ಇಳಿಯುತ್ತವೆ. ಸುಲ್ತಾನ ಬಲ್ಬನನ ಪಾಳುಬಿದ್ದ ಸಮಾಧಿಯೂ ಅಲ್ಲೇ ಇದೆ. ಭಾರತದಲ್ಲಿ ಉಳಿದಿರುವ ನಿಜವಾದ ಕಮಾನುಗಳಲ್ಲಿ, ಅಂದರೆ ಬೆಣೆಯಾಕಾರದ ಕಲ್ಲುಗಳನ್ನು ಒಂದಕ್ಕೊಂದು ಆನಿಸಿ ಕಟ್ಟಿದ ಕಮಾನುಗಳಲ್ಲಿ, ಅತ್ಯಂತ ಹಳೆಯದೆಂದು ಹೆಸರಾದದ್ದು ಅದರದೇ ಕಮಾನು.

ಮರುದಿನ ಯಮುನೆಯ ಕಡೆಗೆ ಬನ್ನಿ. ದೆಹಲಿ ಗೇಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ರಾಜಘಾಟ್, ಫಿರೋಜ್ ಶಾ ಕೋಟ್ಲಾ ಎರಡಕ್ಕೂ ನಡೆದೇ ಹೋಗಬಹುದು. ಮೊದಲನೆಯದು ಉಚಿತ, ಎರಡನೆಯದಕ್ಕೆ ಅಲ್ಪ ಶುಲ್ಕ. ಕೋಟ್ಲಾ ಎಂದೊಡನೆ ಕ್ರಿಕೆಟ್ ಮೈದಾನವಷ್ಟೇ ನೆನಪಾಗುವವರು ದಯವಿಟ್ಟು ಸ್ವಲ್ಪ ಕಿವಿಗೊಡಬೇಕು. ಆ ಕೋಟೆಯೊಳಗಿನ ಕಟ್ಟಡವೊಂದರ ನೆತ್ತಿಯ ಮೇಲೆ ಅಶೋಕನ ಕಂಬವೊಂದು ನಿಂತಿದೆ. 14ನೆಯ ಶತಮಾನದಲ್ಲಿ ಸುಲ್ತಾನ ಫಿರೋಜ್ ಶಾ ತುಘಲಕನು ಟೋಪ್ರಾ ಎಂಬ ಹಳ್ಳಿಯಲ್ಲಿ ಅದನ್ನು ಕಂಡು ತನ್ನ ರಾಜಧಾನಿಗೆ ತರಿಸಬೇಕೆಂದು ಹಟ ಹಿಡಿದನು. ಸುತ್ತಮುತ್ತಲಿನ ಜನ ಬೂರುಗದ ಹತ್ತಿಯನ್ನು ಹೊರೆಹೊರೆಯಾಗಿ ತಂದು ಕಂಬದ ಸುತ್ತ ಪೇರಿಸಿದರು. ಬುಡದ ಮಣ್ಣನ್ನು ಅಗೆದಾಗ ಕಂಬ ಆ ಹಾಸಿಗೆಯ ಮೇಲೆ ಮೆಲ್ಲನೆ ಒರಗಿತು. ಬಳಿಕ ಕೂಸನ್ನು ಬಟ್ಟೆಯಲ್ಲಿ ಸುತ್ತುವಂತೆ ಅದನ್ನು ಜೊಂಡು ಮತ್ತು ಹಸಿ ತೊಗಲಿನಲ್ಲಿ ಸುತ್ತಿ, 42 ಗಾಲಿಗಳ ಬಂಡಿಗೆ ಏರಿಸಿ, ಒಂದೊಂದು ಗಾಲಿಯ ಹಗ್ಗಕ್ಕೆ 200 ಜನರಂತೆ ಕೈಹಚ್ಚಿ ಯಮುನೆಯ ದಡಕ್ಕೆ ಎಳೆದು ತಂದರು. ಅಲ್ಲಿಂದ ದೋಣಿಗಳಲ್ಲಿ ದೆಹಲಿಗೆ ಸಾಗಿಸಿದರು. ಇದನ್ನೆಲ್ಲ ಬಾಲ್ಯದಲ್ಲಿ ಕಣ್ಣಾರೆ ಕಂಡ ಅಫೀಫನೆಂಬ ಚರಿತ್ರೆಕಾರನೇ ಬರೆದಿಟ್ಟಿದ್ದಾನೆ. ಇಷ್ಟು ಪಾಡುಪಟ್ಟು ತಂದ ಕಂಬದ ಮೇಲಿನ ಬರಹವನ್ನು ಓದಿಸಲು ಸುಲ್ತಾನನು ಪಂಡಿತರನ್ನು ಕರೆಸಿದರೆ, ಒಬ್ಬರಿಗೂ ಅದು ಓದಲು ಬರಲಿಲ್ಲ! 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಮೇಲೂ ಬರೆಸಿದ ಅರಸನ ಹೆಸರು ಅದರಲ್ಲಿ ಸಿಗಲಿಲ್ಲ, ಸಿಕ್ಕಿದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ದೇವಾನಾಂಪ್ರಿಯನು ಅಶೋಕನೇ ಎಂದು ಹೆಸರಿಟ್ಟು ಹೇಳುವ ಶಾಸನ 1915ರಲ್ಲಿ ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕನ್ನಡನಾಡಿನಿಂದ ಹೋದವರು ಈ ಕಂಬವನ್ನು ನೋಡದೆ ಹಿಂದಿರುಗಿದರೆ ನನಗೆ ತಡೆಯಲಾರದ ಸಂಕಟವಾಗುತ್ತದೆ. ಕೆಳಗೆ ನಿಂತು ನೋಡಿದರೂ ಅದರ ನುಣುಪು ಬಿಸಿಲಿಗೆ ಹೊಳೆಯುವುದು ಕಾಣುತ್ತದೆ.

ಕಂಬದ ಕಥೆಯೇ ಬಹಳ ಸಮಯವನ್ನು ತೆಗೆದುಕೊಂಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಮತ್ತೊಂದು ದಿನಕ್ಕೆ ನವದೆಹಲಿಯ ದಿಕ್ಕು. ಗಾಂಧೀಜಿ ತಮ್ಮ ಕೊನೆಯ 144 ದಿನಗಳನ್ನು ಕಳೆದ ಗಾಂಧಿ ಸ್ಮೃತಿ, ಇಂಡಿಯಾ ಗೇಟ್, ಅದರ ಬಳಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಎಲ್ಲವೂ ಉಚಿತ. ಹಸಿವಾದಾಗ ಬಾಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಹೋಗಿ. ತಲೆಗೆ ಬಟ್ಟೆ ಹೊದ್ದು, ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಪಂಕ್ತಿಯಲ್ಲಿ ಕುಳಿತರೆ ಯಾರು, ಯಾವ ಜಾತಿ ಎಂದು ಕೇಳದೆ ಊಟ ಬಡಿಸುತ್ತಾರೆ. ಇಲ್ಲಿಯೂ ನನ್ನ ಮಾತು ಅದೇ: ನಡುವೆ ಕೆಂಪು ಕೋಟೆಯನ್ನು ತುರುಕಬೇಡಿ, ಅದರ ದಿಕ್ಕೇ ಬೇರೆ.

ಸೋಮವಾರದಂದು ಗಾಂಧಿ ಸ್ಮೃತಿ, ಲೋಟಸ್ ಟೆಂಪಲ್, ಕೆಂಪು ಕೋಟೆ ಮೂರೂ ಮುಚ್ಚಿರುತ್ತವೆ. ಆ ದಿನವನ್ನು ಲೋಧಿ ಉದ್ಯಾನಕ್ಕೆ ಇಟ್ಟುಕೊಳ್ಳಿ. ಸುಲ್ತಾನರ ಗೋರಿಗಳ ನಡುವಿನ ಆ ಹುಲ್ಲುಹಾಸಿಗೂ ಟಿಕೆಟ್ ಇಲ್ಲ. ನಮಸ್ಕಾರ.