ಗೋಡೆಗಿಂತ ಮೊದಲು ದಾರಿ

ಕೇಳುಗರಿಗೆ ನಮಸ್ಕಾರ. ಕಟ್ಟಡ, ಸಿನಿಮಾ, ರೋಬೋಟ್ ಮೂರಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಚಲನೆಯೇ ಸಂಬಂಧ. ಕಟ್ಟಡ ನಿಂತಲ್ಲೇ ನಿಂತಿರುತ್ತದೆ, ನಿಜ. ಆದರೆ ಅದರೊಳಗೆ ನಾವು ಓಡಾಡುತ್ತಿರುತ್ತೇವೆ. ಹಾಗಾಗಿ ಮೊದಲು ಓಡಾಡುವ ದಾರಿ ಗುರುತಿಸಿ, ಆಮೇಲೆ ಗೋಡೆ ಎಳೆಯಿರಿ. ಇಷ್ಟು ಹೇಳಲಿಕ್ಕೇ ನಾನು ಬಂದಿರುವುದು.

2013ರಲ್ಲಿ ಬಂದ ‘ಗ್ರಾವಿಟಿ’ ಸಿನಿಮಾ ನೋಡಿದ್ದೀರಾ? ಬಾಹ್ಯಾಕಾಶದಲ್ಲಿ ನಾಯಕಿ ಗಿರಗಿರನೆ ತಿರುಗುತ್ತಾಳೆ, ನೋಡುವವರಿಗೇ ತಲೆ ಸುತ್ತುತ್ತದೆ. ಶೂಟಿಂಗ್‌ನಲ್ಲಿ ನಡೆದದ್ದು ಹೆಚ್ಚಾಗಿ ಉಲ್ಟಾ. ನಟಿ ಸಾಂಡ್ರಾ ಬುಲಕ್ ಪೆಟ್ಟಿಗೆಯಂಥ ಒಂದು ಕೋಣೆಯಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು. ಒಳಗೋಡೆಗಳ ತುಂಬ ಎಲ್‌ಇಡಿ ದೀಪಗಳು. ಸೂರ್ಯನ ಬೆಳಕು, ಭೂಮಿಯ ಬೆಳಕು ಎಲ್ಲ ಆ ಗೋಡೆಗಳ ಮೇಲೇ ಸರಿದಾಡುತ್ತಿದ್ದವು. ಇನ್ನು ಕ್ಯಾಮೆರಾ? ಅದನ್ನು ಹಿಡಿದದ್ದು ಕಾರು ಕಾರ್ಖಾನೆಯಲ್ಲಿ ದುಡಿಯುವಂಥ ರೋಬೋಟ್ ಕೈ! ಅವರತ್ತ ನುಗ್ಗುವುದು, ಸುತ್ತುವುದು, ಹಿಂದೆ ಸರಿಯುವುದು ಎಲ್ಲ ಅದರದೇ ಕೆಲಸ. ಮನಸ್ಸಿಗೆ ಬಂದಂತೆ ಸುಮ್ನೆ ಆಡಿಸಿದ್ದಲ್ಲ. ಚಲನೆಯನ್ನೆಲ್ಲ ಮೊದಲೇ ಕಂಪ್ಯೂಟರ್‌ನಲ್ಲಿ ಅನಿಮೇಷನ್ ಮಾಡಿಟ್ಟಿದ್ದರು. ಅದೇ ಲೆಕ್ಕ ಕ್ಯಾಮೆರಾಗೂ ಹೋಯಿತು, ದೀಪಗಳಿಗೂ ಹೋಯಿತು. ಎರಡೂ ಒಂದೇ ತಾಳಕ್ಕೆ. ನನಗಂತೂ ಆ ಸಿನಿಮಾದ ಕಥೆಗಿಂತ ಇದೇ ಜಾಸ್ತಿ ಇಷ್ಟ.

ಈಗ ಅಂಥದ್ದೇ ಕೈಗೆ ಕ್ಯಾಮೆರಾ ಬದಲು ಇಟ್ಟಿಗೆ ಕೊಡಿ. ಹಿಡಿಕೆ ಬದಲಾಯಿತು, ಅಷ್ಟೇ. ಎಲ್ಲಿಂದ ಹೊರಡಬೇಕು, ಎಷ್ಟು ತಿರುಗಬೇಕು, ಎಲ್ಲಿ ನಿಲ್ಲಬೇಕು ಅಂತ ಹೇಳಿದರೆ ಸಾಕು. ಅಂದರೆ ಮತ್ತೆ ದಾರಿ! ಜೂರಿಕ್‌ನ ಇಟಿಎಚ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗ್ರಮಾಜಿಯೊ, ಕೋಲರ್ ಎಂಬ ವಾಸ್ತುಶಿಲ್ಪಿಗಳಿದ್ದಾರೆ. ಸ್ವಿಟ್ಜರ್‌ಲೆಂಡಿನ ಫ್ಲೆಶ್‌ನಲ್ಲಿರುವ ಗ್ಯಾಂಟೆನ್‌ಬೈನ್ ವೈನ್ ತಯಾರಿಕೆಯ ಕಟ್ಟಡಕ್ಕೆ 2006ರಲ್ಲಿ ಅವರ ರೋಬೋಟ್ 20,000 ಇಟ್ಟಿಗೆ ಜೋಡಿಸಿತು. ಒಂದೊಂದಕ್ಕೂ ಲೆಕ್ಕ ಹಾಕಿದ ಕೋನ. ದೂರದಿಂದ ನೋಡಿದರೆ ಬುಟ್ಟಿ ತುಂಬ ದೊಡ್ಡ ದೊಡ್ಡ ದ್ರಾಕ್ಷಿ. ನಾವು ನಡೆದಂತೆ, ಬಿಸಿಲು ತಿರುಗಿದಂತೆ ಗೋಡೆ ಬೇರೆಯೇ ಕಾಣುತ್ತದೆ. ಇದೂ ಸಿನಿಮಾನೇ ಅಲ್ವಾ?

ಸಮಯವಾಯಿತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಮರ ಕೊರೆಯುವ, ಕಾಂಕ್ರೀಟ್ ಸುರಿಯುವ ರೋಬೋಟ್‌ಗಳ ವಿಷಯ ಬಿಟ್ಟೇಬಿಡುತ್ತೇನೆ. ವಿನ್ಯಾಸ ಕಲಿಯುತ್ತಿರುವವರು ಕೇಳಿಸಿಕೊಳ್ಳಿ. ನಕ್ಷೆಯೆಲ್ಲ ಮುಗಿದ ಮೇಲೆ ತೋರಿಕೆಗೆ ಒಂದು ವಿಡಿಯೋ ಮಾಡುತ್ತೀರಲ್ಲ, ದಯವಿಟ್ಟು ಅದನ್ನು ಮೊದಲೇ ಮಾಡಿ. ಬಾಗಿಲಿಂದ ಮೆಟ್ಟಿಲವರೆಗೆ ಕ್ಯಾಮೆರಾ ಸಾಗಲಿ. ಎಲ್ಲಿ ಬೇಜಾರಾಗುತ್ತದೋ ಅಲ್ಲಿ ಗೋಡೆ ಸರಿಸಿ. ರೋಬೋಟ್ ಇಲ್ಲ ಅನ್ನಬೇಡಿ, ರಟ್ಟಿನ ಮಾದರಿಯೂ ಫೋನೂ ಇದ್ದರೆ ಇವತ್ತೇ ಶುರು ಮಾಡಬಹುದು. ನಮಸ್ಕಾರ.